ಮಂಜು ಯಾವುದು, ಹೊಗೆ ಯಾವುದು

(ಊರೊಳಗಿನ ಡೀಸೆಲ್ ಹೊಗೆ, ವಿದ್ಯುತ್ ಗಾಡಿಗಳ ಬಗ್ಗೆ ಮಡಿಕೇರಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಈ ಎರಡು ಕರವಸ್ತ್ರಗಳನ್ನು ನೋಡಿಬಿಡಿ. ಎರಡೂ ಬಿಳಿಯವು, ನಿನ್ನೆ ಮಹದೇವಪೇಟೆಯ ಒಂದೇ ಅಂಗಡಿಯಲ್ಲಿ ಕೊಂಡವು. ಇಂದು ಬೆಳಿಗ್ಗೆ ಒಂದನ್ನು ಕೋಲಿನ ತುದಿಗೆ ಕಟ್ಟಿ ನೆರೆಮನೆಯವರ ಹಳೆಯ ಪಿಕಪ್ ಗಾಡಿಯ ಸೈಲೆನ್ಸರ್ ಬಾಯಿಗೆ ಹಿಡಿದೆ. ಅವರು ಒಂದು ನಿಮಿಷ ಎಂಜಿನ್ ಓಡಿಸಿ, ನಡುವೆ ಎರಡು ಸಲ ಆಕ್ಸಿಲರೇಟರ್ ಒತ್ತಿದರು. ಗಾಡಿ 2009ರ ಮಾದರಿ. ಇನ್ನೊಂದನ್ನು ಅವರ ಅಳಿಯನ 2021ರ ಡೀಸೆಲ್ ಕಾರಿಗೆ ಹಾಗೆಯೇ ಹಿಡಿದೆ. ಮೊದಲನೆಯದರ ಮೇಲೆ ಕಾವಲಿಯಲ್ಲಿ ಮರೆತುಬಿಟ್ಟ ಅಕ್ಕಿ ರೊಟ್ಟಿಯ ಹಾಗೆ ಒಂದು ಕರಿ ವೃತ್ತ ಮೂಡಿದೆ. ಎರಡನೆಯದನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು. ಮುಂದಿನ ಸಾಲಿನವರು ಮುಟ್ಟಿ ನೋಡಿ ಹಿಂದಕ್ಕೆ ದಾಟಿಸಿ. ಕೈ ಕಪ್ಪಾದರೆ ನನ್ನನ್ನು ಬೈಯಬೇಡಿ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ಪರಿಸರ ತಜ್ಞರು’ ಎಂದರು. ಅದನ್ನು ತಿದ್ದಬೇಕು. ಪಾಲಿಟೆಕ್ನಿಕ್ ಒಂದರಲ್ಲಿ 31 ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿ ಸಂಬಳ ತಿಂದವನು ನಾನು. ಈ ಸಭೆಯಲ್ಲಿಯೇ ನನ್ನ ಶಿಷ್ಯರು ನಾಲ್ಕೈದು ಮಂದಿ ಕಾಣುತ್ತಿದ್ದಾರೆ, ಅವರಲ್ಲಿ ಇಬ್ಬರು ಗ್ಯಾರೇಜ್ ಇಟ್ಟುಕೊಂಡವರು. ಡೀಸೆಲ್‌ನ ಅನ್ನ ಉಂಡವನು ಡೀಸೆಲ್ ಬಿಡಿ ಎನ್ನುವುದು ಉಂಡ ಮನೆಗೆ ಎರಡು ಬಗೆದ ಹಾಗೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ನನಗೂ ಒಮ್ಮೊಮ್ಮೆ ಹಾಗೆ ಅನ್ನಿಸುತ್ತದೆ. ಒಳ್ಳೆಯ ಡೀಸೆಲ್ ಎಂಜಿನ್ ಹದವಾಗಿ ಓಡುವ ಸದ್ದು ಕೇಳಿದರೆ ಈಗಲೂ ನಿಂತು ಆಲಿಸುತ್ತೇನೆ.

‘ಕೊಡಗಿನಲ್ಲಿ ಗಾಳಿ ಮಾಲಿನ್ಯವೇ? ಮೇಷ್ಟ್ರಿಗೆ ಬೇರೆ ವಿಷಯ ಸಿಗಲಿಲ್ಲವೇ?’ ಎಂದು ಆಮಂತ್ರಣ ನೋಡಿದ ಸ್ನೇಹಿತರೊಬ್ಬರು ಕೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಗಾಳಿಯ ಗುಣಮಟ್ಟದ ಪಟ್ಟಿಗಳಲ್ಲಿ ಮಡಿಕೇರಿಯ ಹೆಸರು ದೇಶದ ಶುದ್ಧ ಊರುಗಳ ಸಾಲಿನಲ್ಲಿ ಬರುತ್ತದೆ. ಪತ್ರಿಕೆಯಲ್ಲಿ ಅದನ್ನು ಓದಿ ನಾವೆಲ್ಲ ಎದೆಯುಬ್ಬಿಸಿದ್ದೇವೆ. ಆದರೆ ಆ ಅಂಕಿ ಎಲ್ಲಿಂದ ಬರುತ್ತದೆ? ನಮ್ಮ ಊರಿನ ಮಾಪನ ಕೇಂದ್ರ ದಾಖಲೆಯಲ್ಲಿರುವುದು ಸ್ಟುವರ್ಟ್ ಹಿಲ್ ಹೆಸರಿನಲ್ಲಿ. ಹೆಸರೇ ಹೇಳುವಂತೆ ಅದು ಗುಡ್ಡ. ಇದು ಯಾರ ತಪ್ಪೂ ಅಲ್ಲ. ಊರಿನ ಸಾಮಾನ್ಯ ಗಾಳಿ ಹೇಗಿದೆ ಎಂದು ತಿಳಿಯಲು ಯಂತ್ರವನ್ನು ರಸ್ತೆಯ ಹೊಗೆಯಿಂದ ದೂರದಲ್ಲಿಯೇ ಇಡಬೇಕು. ಆದರೆ ನಾವು ಉಸಿರಾಡುವುದು ಗುಡ್ಡದ ಮೇಲಲ್ಲ. ಬೆಳಿಗ್ಗೆ ಎಂಟೂವರೆಗೆ ಬಸ್ ನಿಲ್ದಾಣದ ಎದುರು ಮಗುವಿನ ಕೈ ಹಿಡಿದು ರಸ್ತೆ ದಾಟಲು ಕಾಯುತ್ತೇವೆ, ಸಂಜೆ ಚೌಕಿಯಲ್ಲಿ ತರಕಾರಿ ಚೀಲ ಹಿಡಿದು ನಿಲ್ಲುತ್ತೇವೆ. ಸಾಲು ರಜೆ ಬಂದರಂತೂ ಜನರಲ್ ತಿಮ್ಮಯ್ಯ ವೃತ್ತದಿಂದ ರಾಜಾಸೀಟಿನವರೆಗೆ ಗಾಡಿಗಳ ಬಾಲ ಹಿಡಿದು ನಡೆಯುತ್ತೇವೆ. ವರ್ಷದ ಸರಾಸರಿಗೆ ಈ ಅರ್ಧ ಗಂಟೆಗಳ ಗೊಡವೆ ಇಲ್ಲ. ಶ್ವಾಸಕೋಶಕ್ಕೆ ಇದೆ.

ಎಷ್ಟಿದ್ದರೆ ಸರಿ ಎಂಬುದಕ್ಕೂ ಒಂದೇ ಉತ್ತರವಿಲ್ಲ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ಪಿಎಂ 2.5, ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೊಗ್ರಾಂ ದಾಟಬಾರದು ಎಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಎಂಟು ಪಟ್ಟು ಅಂತರ. ನಾವು ಪಾಸಾದದ್ದು ಯಾವ ಪರೀಕ್ಷೆಯಲ್ಲಿ ಎಂದು ಒಮ್ಮೆ ಕೇಳಿಕೊಂಡರೆ ಎದೆ ಸ್ವಲ್ಪ ಒಳಗೆ ಹೋಗುತ್ತದೆ. ಇನ್ನೊಂದು ವಿಷಯ: ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ತೀರ್ಮಾನಿಸಿ ಅದನ್ನು ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವ ಗುಂಪು ಅದು.

ಈಗ ಆ ಕರಿ ವೃತ್ತಕ್ಕೆ ಬರೋಣ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ, ಇಂಧನ ಮೊದಲೇ ಬೆರೆತು ಬಂದು ಕಿಡಿಯಿಂದ ಹೊತ್ತಿಕೊಳ್ಳುತ್ತವೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಬರೀ ಗಾಳಿಯನ್ನು ಹದಿನೈದರಿಂದ ಇಪ್ಪತ್ತು ಪಟ್ಟು ಅದುಮಿದಾಗ ಅದು ಕೆಂಡದಂತೆ ಕಾಯುತ್ತದೆ, ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಉರಿಯುತ್ತದೆ. ಸೊಗಸಾದ ಯೋಚನೆ. ಆದರೆ ಚಿಮ್ಮಿದ ಹನಿಯ ಹೊರಮೈಗೆ ಗಾಳಿ ಸಿಗುತ್ತದೆ, ಒಳಗಿನ ತಿರುಳಿಗೆ ಸಿಗುವುದಿಲ್ಲ. ಗಾಳಿ ಸಿಗದ ತಿರುಳು ಉರಿಯದೆ ಬೆಂದು ಮಸಿಯಾಗುತ್ತದೆ. ಹಸಿ ಸೌದೆ ಒಲೆಗೆ ತುರುಕಿದಾಗ ಆಗುವುದೂ ಹೆಚ್ಚುಕಡಿಮೆ ಇದೇ. ಗಾಳಿ ಹೆಚ್ಚು ಸಿಕ್ಕಿ ಚೆನ್ನಾಗಿ ಉರಿದ ಜಾಗದಲ್ಲಿ ಬೇರೆ ತೊಂದರೆ: ಆ ಬಿಸಿಗೆ ಗಾಳಿಯಲ್ಲಿನ ಸಾರಜನಕವೂ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ಒಂದನ್ನು ತಗ್ಗಿಸಲು ಹೋದರೆ ಇನ್ನೊಂದು ಏರುತ್ತದೆ. ದಶಕಗಳಿಂದ ಎಂಜಿನಿಯರುಗಳು ಈ ಇಬ್ಬರು ದಾಯಾದಿಗಳ ನಡುವೆ ಪಂಚಾಯ್ತಿಗೆ ಕುಳಿತಿದ್ದಾರೆ.

ಮಲೆನಾಡಿನಲ್ಲಿ ಇದಕ್ಕೆ ಎರಡು ಸಂಗತಿಗಳು ಸೇರುತ್ತವೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿ ಮಂಗಳೂರಿಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ತೆಳು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಹಳೆಯ ಎಂಜಿನ್‌ಗೆ ಕುಡಿಯಲು ಡೀಸೆಲ್ ಅಷ್ಟೇ ಸಿಗುತ್ತದೆ, ಉಸಿರಾಡಲು ಗಾಳಿ ಕಡಿಮೆ. ಜೊತೆಗೆ ಏರು. ಏರಿನಲ್ಲಿ ಚಾಲಕ ಒತ್ತಿದಷ್ಟೂ ಇಂಧನ ಹೆಚ್ಚು ನುಗ್ಗುತ್ತದೆ, ಗಾಳಿ ಹಿಂದೆ ಬೀಳುತ್ತದೆ. ಲಾರಿ ಗೇರ್ ಬದಲಿಸಿ ಹತ್ತುವಾಗ ಒಮ್ಮೆಲೇ ಉಗುಳುವ ಆ ಕಪ್ಪು ಮೋಡ ಇದೇ. ಎಮಿಷನ್ ಟೆಸ್ಟ್‌ನಲ್ಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಖಾಲಿ ಎಂಜಿನ್ ಏರಿಸಿ ಹೊಗೆ ಅಳೆಯುತ್ತಾರೆ. ಮೂರು ಟನ್ ಸಿಮೆಂಟ್ ಹೇರಿಕೊಂಡು ಸಂಪಾಜೆ ಘಾಟಿ ಹತ್ತುವಾಗ ಆ ಗಾಡಿ ಏನು ಮಾಡುತ್ತದೆ ಎಂಬುದನ್ನು ಆ ಚೀಟಿ ಹೇಳುವುದಿಲ್ಲ. ಸುಳ್ಳು ಚೀಟಿಯ ಮಾತಲ್ಲ ಇದು, ನಿಜವಾದ ಚೀಟಿಯ ಮಾತು.

ಇನ್ನು ಮಂಜು. ನಮ್ಮ ಊರು ಬಟ್ಟಲಿನ ಹಾಗಿದೆ, ಸುತ್ತ ಗುಡ್ಡ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿನಲ್ಲಿ ಕುಳಿತಿರುತ್ತದೆ. ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಬಿಸಿಲು ಏರಿ ಮುಚ್ಚಳ ತೆರೆಯುವವರೆಗೆ ಬಟ್ಟಲೊಳಗೆ ಬಿಟ್ಟದ್ದು ಬಟ್ಟಲೊಳಗೇ ಇರುತ್ತದೆ. ಶಾಲೆ, ಕಚೇರಿಗಳ ಗಾಡಿಗಳೆಲ್ಲ ಹೊರಡುವುದೂ ಅದೇ ಹೊತ್ತಿನಲ್ಲಿ. ಮಂಜಿನ ಹನಿ ಕಟ್ಟುವುದಕ್ಕೆ ಒಂದು ಕಣದ ಆಸರೆ ಬೇಕು, ಮಸಿಯಾದರೂ ನಡೆಯುತ್ತದೆ. ಪ್ರವಾಸಿಗರು ಮೊಬೈಲ್ ಎತ್ತಿ ಹಿಡಿದು ‘ಎಂಥ ಮಂಜು!’ ಎಂದು ಚಿತ್ರ ತೆಗೆಯುವಾಗ, ಮೂಗಿಗೆ ಬರುವ ಘಾಟನ್ನೂ ಚಿತ್ರ ತೆಗೆಯುವ ಹಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಎರಡನೆಯ ಕರವಸ್ತ್ರದ ಬಗ್ಗೆಯೂ ನ್ಯಾಯವಾಗಿ ಮಾತನಾಡಬೇಕು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಸ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಬಂದಿತು. ಡೀಸೆಲ್‌ನ ಗಂಧಕದ ಅಂಶ ಹತ್ತು ಲಕ್ಷಕ್ಕೆ 50 ಪಾಲಿದ್ದದ್ದು 10ಕ್ಕೆ ಇಳಿಯಿತು. ಸೈಲೆನ್ಸರ್‌ಗೆ ಮಸಿ ಹಿಡಿಯುವ ಜಾಲರಿ ಬಂತು, ದೊಡ್ಡ ಗಾಡಿಗಳಿಗೆ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು, ಲಾರಿ ಚಾಲಕರು ‘ಯೂರಿಯಾ’ ಎಂದು ಕರೆಯುವ ದ್ರಾವಣವೂ ಬಂತು. ಕರವಸ್ತ್ರ ಬಿಳಿಯಾಗಿಯೇ ಉಳಿದದ್ದು ಆ ಜಾಲರಿಯಿಂದ. ಹಾಗಾದರೆ ಹೊಸ ಡೀಸೆಲ್ ಕೊಂಡರೆ ಮುಗಿಯಿತಲ್ಲ? ಮೈಸೂರಿಗೆ ವಾರಕ್ಕೆ ನಾಲ್ಕು ಸಲ ಹೋಗಿಬರುವವರಿಗೆ ಅದು ಒಪ್ಪುವ ಮಾತು. ಊರೊಳಗೇ ಸುತ್ತುವವರಿಗೆ ಅಲ್ಲ. ಆ ಜಾಲರಿಯಲ್ಲಿ ಸೇರಿದ ಮಸಿಯನ್ನು ಗಾಡಿ ತಾನೇ ಸುಟ್ಟುಕೊಳ್ಳಬೇಕು. ಅದಕ್ಕೆ ಹೆದ್ದಾರಿಯಲ್ಲಿ ಬಿಸಿಯಾಗಿ ಒಂದಷ್ಟು ಹೊತ್ತು ಓಡಬೇಕು. ಮಗುವನ್ನು ಶಾಲೆಗೆ ಬಿಟ್ಟು, ಹಾಲು ಕೊಂಡು, ಎರಡನೇ ಗೇರಿನಲ್ಲಿ ಮನೆಗೆ ಬರುವ ಗಾಡಿಯಲ್ಲಿ ಜಾಲರಿ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆಮೇಲೆ ಅದು ನನ್ನ ಶಿಷ್ಯರ ಗ್ಯಾರೇಜಿಗೆ ಬರುತ್ತದೆ. ಅವರು ನಗುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ.

ಆದ್ದರಿಂದ ನಾನು ಹೇಳಲು ಬಂದದ್ದು ಡೀಸೆಲ್ ಎಲ್ಲ ಕೆಟ್ಟದ್ದು, ವಿದ್ಯುತ್ ಎಲ್ಲ ಒಳ್ಳೆಯದು ಎಂದಲ್ಲ. ಊರೊಳಗೆ, ನಿಧಾನವಾಗಿ, ನಿಂತು ನಿಂತು, ಏರು ಇಳಿವಿನಲ್ಲಿ ದಿನವಿಡೀ ಸುತ್ತುವ ಹಳೆಯ ಡೀಸೆಲ್ ಗಾಡಿ ಮೊದಲು ಹೋಗಬೇಕು. ಡೀಸೆಲ್‌ಗೆ ಅತ್ಯಂತ ಕಷ್ಟವಾದ ಆ ದಾರಿಯೇ ವಿದ್ಯುತ್ ಗಾಡಿಗೆ ಅತ್ಯಂತ ಹಿಡಿಸುವ ದಾರಿ. ‘ಬಯಲುಸೀಮೆಗೆ ಸರಿ, ನಮ್ಮ ಗುಡ್ಡಕ್ಕೆ ಆಗಲಿಕ್ಕಿಲ್ಲ’ ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇನೆ. ಲೆಕ್ಕ ತಿರುಗುಮುರುಗಾಗಿದೆ.

ಕಪ್ಪು ಹಲಗೆಯ ಚಟ, ಕ್ಷಮಿಸಿ, ಒಂದು ಸಣ್ಣ ಲೆಕ್ಕ ಮಾಡೋಣ. ಸಂಪಾಜೆಯಿಂದ ಮಡಿಕೇರಿಗೆ ಎತ್ತರದ ವ್ಯತ್ಯಾಸ ಸುಮಾರು ಸಾವಿರ ಮೀಟರ್. ಒಂದು ಟನ್ ತೂಕವನ್ನು ಸಾವಿರ ಮೀಟರ್ ಎತ್ತಲು 2.7 ಯೂನಿಟ್ ಶಕ್ತಿ ಬೇಕು. ನಮ್ಮ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಜನ ಕುಳಿತ ಒಂದು ಕಾರು ಎರಡು ಟನ್ ಎಂದಿಟ್ಟುಕೊಂಡರೆ ಎತ್ತರಕ್ಕಾಗಿಯೇ ಐದೂವರೆ ಯೂನಿಟ್, ದಾರಿ ಸವೆಸಲು ಇನ್ನೊಂದು ನಾಲ್ಕು. ಇದು ಎಲ್ಲ ಗಾಡಿಗೂ ಒಂದೇ, ಡೀಸೆಲ್ ಆದರೇನು, ವಿದ್ಯುತ್ ಆದರೇನು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು ಹತ್ತು ಯೂನಿಟ್ ಶಾಖವಿದ್ದರೂ ಚಕ್ರಕ್ಕೆ ತಲುಪುವುದು ಮೂರರ ಆಸುಪಾಸು. ಮಿಕ್ಕದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟರಿನಲ್ಲಿ ಹತ್ತರಲ್ಲಿ ಒಂಬತ್ತು ತಿರುಗುವ ಶಕ್ತಿಯಾಗುತ್ತದೆ.

ನಿಜವಾದ ಚಮತ್ಕಾರ ಇಳಿಯುವಾಗ. ಎತ್ತಲು ಕೊಟ್ಟ ಆ ಐದೂವರೆ ಯೂನಿಟ್ ಎಲ್ಲಿಗೆ ಹೋಯಿತು? ಗಾಡಿಯ ಎತ್ತರದಲ್ಲಿ ಜಮೆಯಾಗಿದೆ. ಡೀಸೆಲ್ ಗಾಡಿ ಇಳಿಯುವಾಗ ಆ ಜಮೆಯನ್ನು ಬ್ರೇಕಿಗೆ ಉಜ್ಜಿ ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಘಾಟಿ ಇಳಿದು ಸಂಪಾಜೆಯಲ್ಲಿ ಚಹಾಕ್ಕೆ ನಿಂತ ಲಾರಿಗಳ ಹತ್ತಿರ ಸುಟ್ಟ ಲೈನರ್ ವಾಸನೆ ಬರುತ್ತದಲ್ಲ, ನೀವು ಕಾಸು ಕೊಟ್ಟು ಕೊಂಡ ಡೀಸೆಲ್‌ನ ವಾಸನೆ ಅದು. ವಿದ್ಯುತ್ ಗಾಡಿಯ ಮೋಟರ್ ಇಳಿಜಾರಿನಲ್ಲಿ ಉಲ್ಟಾ ಕೆಲಸ ಮಾಡಿ ಡೈನಮೊ ಆಗುತ್ತದೆ. ಗಾಡಿಯ ವೇಗವನ್ನು ತಡೆಯುತ್ತಾ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ಹೋದದ್ದೆಲ್ಲ ಬರುವುದಿಲ್ಲ, ಟಯರಿನ ಉಜ್ಜುವಿಕೆಗೂ ಗಾಳಿಗೂ ಪಾಲು ಕೊಡಬೇಕು. ಆದರೂ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟು ದೂರ ಬಿಟ್ಟಿಯಾಗಿ ಕಳೆದು ಒಂದೋ ಒಂದೂವರೆಯೋ ಯೂನಿಟ್ ಬ್ಯಾಟರಿಯಲ್ಲಿ ಹೆಚ್ಚೇ ಇರುತ್ತದೆ. ಬ್ರೇಕ್ ಲೈನರ್ ಸವೆಯುವುದು ಕಡಿಮೆಯಾಗುತ್ತದೆ, ಅದರ ದೂಳೂ ಕಡಿಮೆ. ಟಯರ್ ದೂಳು ಕಡಿಮೆಯಾಗುವುದಿಲ್ಲ, ಬ್ಯಾಟರಿಯ ಭಾರಕ್ಕೆ ಸ್ವಲ್ಪ ಹೆಚ್ಚೇ ಆಗಬಹುದು. ಅದನ್ನೂ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಎದ್ದು ನಿಂತು ಕೇಳುವ ಮೊದಲು.

ಇಲ್ಲಿ ಒಂದು ಕಿವಿಮಾತಿದೆ, ಗಾಡಿ ಮಾರುವವರು ಹೇಳುವುದಿಲ್ಲ. ಮಡಿಕೇರಿಯಲ್ಲಿ ರಾತ್ರಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಬೆಳಿಗ್ಗೆ ಘಾಟಿ ಇಳಿಯಬೇಡಿ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹಿಡಿಸುವುದಿಲ್ಲ. ಇಳಿಜಾರಿನಲ್ಲಿ ಬರುವ ವಿದ್ಯುತ್ತನ್ನು ಬ್ಯಾಟರಿ ತೆಗೆದುಕೊಳ್ಳದು, ಮೋಟರಿನ ತಡೆ ಸಿಗದು, ಮತ್ತೆ ಹಳೆಯ ಬ್ರೇಕೇ ಗತಿ. ಎಂಬತ್ತೈದಕ್ಕೋ ತೊಂಬತ್ತಕ್ಕೋ ನಿಲ್ಲಿಸಿ. ಇದರಿಂದ ಹೊರಡುವ ಇನ್ನೊಂದು ಮಾತು: ಚಾರ್ಜಿಂಗ್ ಕೇಂದ್ರ ಬೇಕಾದದ್ದು ಗುಡ್ಡದ ತುದಿಯಲ್ಲಲ್ಲ, ಬುಡದಲ್ಲಿ. ಸಂಪಾಜೆಯಲ್ಲಿ, ಕುಶಾಲನಗರದಲ್ಲಿ, ಕೇರಳದ ಕಡೆಯಿಂದ ಬರುವವರಿಗೆ ಮಾಕುಟ್ಟದ ಹತ್ತಿರ. ಹತ್ತುವ ಮೊದಲು ತುಂಬಿಸಿಕೊಳ್ಳಲಿ. ಊರೊಳಗೆ ಪ್ರವಾಸಿಗಳ ಕಾರುಗಳು ಚಾರ್ಜಿಂಗ್‌ಗೆ ಸಾಲು ನಿಂತರೆ ಹೊಗೆ ಹೋಗಿ ಗುಜುಗುಜು ಉಳಿಯುತ್ತದೆ.

‘ಗುಡ್ಡ ಹತ್ತುತ್ತದೆಯೇ?’ ಎಂಬ ಅನುಮಾನ ಇದ್ದವರು ಹಿಮಾಚಲ ನೋಡಬೇಕು. ರೋಹ್ತಾಂಗ್ ಕಣಿವೆದಾರಿಗೆ ಹೋಗುವ ವಾಹನಗಳ ಸಂಖ್ಯೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಿತಿ ಹಾಕಿತು. 2017ರಲ್ಲಿ ಅಲ್ಲಿನ ಸಾರಿಗೆ ನಿಗಮ ಮನಾಲಿಯಿಂದ ರೋಹ್ತಾಂಗ್‌ಗೆ ವಿದ್ಯುತ್ ಬಸ್ ಓಡಿಸಿತು. ರೋಹ್ತಾಂಗ್‌ನ ಎತ್ತರ 3,978 ಮೀಟರ್. ಕೊಡಗಿನ ಅತಿ ಎತ್ತರದ ಶಿಖರವಾದ ನಮ್ಮ ತಡಿಯಂಡಮೋಳ್ 1,748. ಅಷ್ಟು ದೂರವೂ ಬೇಡ, ಕೆಎಸ್‌ಆರ್‌ಟಿಸಿ 2023ರಲ್ಲಿ ಬೆಂಗಳೂರು–ಮೈಸೂರು ನಡುವೆ ‘ಇವಿ ಪವರ್ ಪ್ಲಸ್’ ಬಸ್ ಆರಂಭಿಸಿ, ಅದನ್ನು ಮಡಿಕೇರಿಗೂ ತಂದಿತು. ಅದರಲ್ಲಿ ಬಂದವರು ಇಲ್ಲಿದ್ದರೆ ಒಂದು ವಿಷಯ ಒಪ್ಪುತ್ತಾರೆ: ತಿರುವುಗಳಲ್ಲಿ ಹೊಟ್ಟೆ ತೊಳಸುವುದು ಕಡಿಮೆ. ಚಿಕ್ಕಂದಿನಲ್ಲಿ ಅಮ್ಮ ಬಸ್ ಹತ್ತುವ ಮೊದಲು ಮೂಸಲು ನಿಂಬೆಹಣ್ಣು ಕೊಡುತ್ತಿದ್ದರು. ತಿರುವನ್ನು ನಾವೆಲ್ಲ ಬೈದೆವು. ಅರ್ಧ ತಪ್ಪು ಡೀಸೆಲ್ ವಾಸನೆಯದ್ದೂ ಗೇರಿನ ಜಗ್ಗಾಟದ್ದೂ ಆಗಿತ್ತು.

ಈಗ ಎಲ್ಲರೂ ಕೇಳುವ ಪ್ರಶ್ನೆ. ವಿದ್ಯುತ್ ಎಲ್ಲಿಂದ ಬರುತ್ತದೆ? ಕಲ್ಲಿದ್ದಲಿನಿಂದಲೇ ತಾನೆ? ಮಡಿಕೇರಿಯ ಹೊಗೆಯನ್ನು ರಾಯಚೂರಿಗೆ ಸಾಗಹಾಕಿದ ಹಾಗಲ್ಲವೇ? ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಬಾರದು. ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಸುತ್ತಲಿನವರೂ ನಮ್ಮವರೇ. ಲೆಕ್ಕ ಹೀಗಿದೆ: ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ ತಯಾರಿಕೆಗೆ ಸುಮಾರು 0.7 ಕಿಲೋ. ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಕೊಡುವ ಡೀಸೆಲ್ ಬಸ್ಸನ್ನು, ಕಿಲೋಮೀಟರಿಗೆ ಒಂದು ಯೂನಿಟ್ ತಿನ್ನುವ ವಿದ್ಯುತ್ ಬಸ್ಸಿಗೆ ಹೋಲಿಸಿದರೆ ಇಂಗಾಲದ ಲೆಕ್ಕ ಹೆಚ್ಚುಕಡಿಮೆ ಸರಿಸಮ. ವಿದ್ಯುತ್ ಬಸ್ ಬಂದ ಕೂಡಲೇ ಭೂಮಿ ತಣ್ಣಗಾಗುತ್ತದೆ ಎನ್ನುವವರನ್ನು ನಂಬಬೇಡಿ. ಆಟೋದಂಥ ಸಣ್ಣ ಗಾಡಿಯಲ್ಲಿ ಉಳಿತಾಯ ಚೆನ್ನಾಗಿದೆ, ಅರ್ಧದ ಹತ್ತಿರ.

ಆದರೆ ನಾನು ಇವತ್ತು ಮಾತನಾಡುತ್ತಿರುವುದು ಉಸಿರಿನ ಬಗ್ಗೆ. ಸ್ಥಾವರದ ಚಿಮಣಿ ಆಕಾಶದೆತ್ತರದಲ್ಲಿದೆ, ಅಲ್ಲಿ ಶೋಧಕ ಹಾಕಿಸಿ ಲೆಕ್ಕ ಕೇಳಲು ಒಂದೇ ಜಾಗವಿದೆ. ಸೈಲೆನ್ಸರ್ ಇರುವುದು ನೆಲದಿಂದ ಒಂದಡಿ ಮೇಲೆ, ಶಾಲೆಗೆ ಹೋಗುವ ಮಗುವಿನ ಮೂಗಿನಿಂದ ಎರಡಡಿ ಕೆಳಗೆ, ಸಾವಿರ ಜಾಗಗಳಲ್ಲಿ. ಮೇಲಾಗಿ ಕರ್ನಾಟಕದಲ್ಲಿ ಕಲ್ಲಿದ್ದಲು ಒಂದೇ ಅಲ್ಲ. ಶರಾವತಿಯ ನೀರಿದೆ, ಪಾವಗಡದಲ್ಲಿ ಎರಡು ಸಾವಿರ ಮೆಗಾವಾಟ್ ಮೀರಿದ ಸೌರ ಉದ್ಯಾನವಿದೆ, ಚಿತ್ರದುರ್ಗದ ಕಡೆ ಗಾಳಿಯಂತ್ರಗಳಿವೆ. ನಮ್ಮ ತಲಕಾವೇರಿಯಿಂದ ಹೊರಟ ನೀರು 1902ರಲ್ಲಿಯೇ ಶಿವನಸಮುದ್ರದಲ್ಲಿ ಧುಮುಕಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಕೊಡಗಿನ ನೀರು ಬೇರೆಯವರ ಚಿನ್ನ ತೆಗೆದು 120 ವರ್ಷ ದಾಟಿತು, ನಮ್ಮ ಆಟೋ ಓಡಿಸಲು ಈಗಲಾದರೂ ಬರಲಿ. ಸೌರ ವಿದ್ಯುತ್ ಧಾರಾಳವಾಗಿರುವುದು ನಡುಹಗಲಿನಲ್ಲಿ. ಆಟೋದವರು ಊಟಕ್ಕೆ ನಿಲ್ಲುವುದೂ, ಶಾಲಾ ಬಸ್ಸುಗಳು ಸುಮ್ಮನೆ ನಿಂತಿರುವುದೂ ಅದೇ ಹೊತ್ತು. ಚಾರ್ಜ್ ಮಾಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಯಾವುದು ಮೊದಲು ಎಂದು ಕೇಳಿದರೆ ನಾನು ಆಟೋ ಎನ್ನುತ್ತೇನೆ. ಡೀಸೆಲ್ ಆಟೋ ಲೀಟರಿಗೆ 30 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ, ಡೀಸೆಲ್ 90 ರೂಪಾಯಿ ಎಂದಿಟ್ಟುಕೊಳ್ಳಿ, ನೂರು ಕಿಲೋಮೀಟರಿಗೆ 300 ರೂಪಾಯಿ. ವಿದ್ಯುತ್ ಆಟೋಗೆ ಏಳೆಂಟು ಯೂನಿಟ್ ಸಾಕು, ಯೂನಿಟ್‌ಗೆ 8 ರೂಪಾಯಿ ಹಿಡಿದರೂ 65 ದಾಟುವುದಿಲ್ಲ. ಆಮೇಲೆ ಶಾಲಾ ಬಸ್ಸು: ಹೋಗುವ ದಾರಿ ಗೊತ್ತು, ದೂರ ಗೊತ್ತು, ಸಂಜೆ ನಿಲ್ಲುವ ಜಾಗ ಗೊತ್ತು. ಮೂರನೆಯದು ಊರೊಳಗೆ, ಸುತ್ತಲ ಹಳ್ಳಿಗಳಿಗೆ ಓಡುವ ಬಸ್ಸು. ದೊಡ್ಡ ಸಾಹಸವೇನಲ್ಲ ಇದು, ಚೀನಾದ ಶೆನ್‌ಜೆನ್ ನಗರ 2017ರ ಕೊನೆಗೆ 16 ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ಬದಲಿಸಿತು. ನಮ್ಮ ಊರಿನ ಬಸ್ಸುಗಳನ್ನು ಎಣಿಸಲು ಒಂದು ಬೆಳಗು ಸಾಕು. ಮನೆಯ ಕಾರು ನನ್ನ ಪಟ್ಟಿಯಲ್ಲಿ ತೀರ ಕೊನೆಗೆ. ದಿನಕ್ಕೆ ಅರ್ಧ ಗಂಟೆ ಓಡುವ ಕಾರನ್ನು ಬದಲಿಸಿ ಫಲಕದಲ್ಲಿ ಹಸಿರು ಬಣ್ಣ ಮೆರೆಸುವುದರಿಂದ ಚೌಕಿಯ ಗಾಳಿಗೆ ಆಗುವ ಲಾಭ ಅಲ್ಪ. ಲಾರಿ ಇನ್ನೂ ಹಲವು ವರ್ಷ ಡೀಸೆಲ್ಲೇ. ನಮಗೆ ರೈಲಿಲ್ಲ. ಅಕ್ಕಿ, ಸಿಮೆಂಟ್, ಸಿಲಿಂಡರ್ ಬರುವುದೂ ಕಾಫಿ ಮೂಟೆ ಹೋಗುವುದೂ ಡೀಸೆಲ್ ಮೇಲೆ. ತೋಟದಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ಗೆ ಹಗಲು ರಾತ್ರಿ ಓಡುವ ಡೀಸೆಲ್ ಪಂಪುಗಳ ಸುದ್ದಿ ಎತ್ತಿದರೆ ಅದೇ ಇನ್ನೊಂದು ಉಪನ್ಯಾಸವಾದೀತು.

ಗಾಡಿಯಲ್ಲದ ಒಂದು ಡೀಸೆಲ್ ಬಗ್ಗೆ ಮಾತ್ರ ಹೇಳದೆ ಬಿಡಲಾರೆ: ಜನರೇಟರ್. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ನಮ್ಮ ದಶಮಂಟಪಗಳು ಮೆರವಣಿಗೆ ಹೊರಡುವಾಗ ದೇವರಿಗೆ ದೀಪ, ಪ್ರತಿಮೆಗಳಿಗೆ ಚಲನೆ, ಎಲ್ಲದಕ್ಕೂ ಹಿಂದಿನಿಂದ ಟ್ರ್ಯಾಕ್ಟರ್ ಮತ್ತು ಜನರೇಟರ್ ಗುಡುಗುತ್ತಿರುತ್ತವೆ. ಇಕ್ಕಟ್ಟಿನ ರಸ್ತೆ, ಕಿಕ್ಕಿರಿದ ಜನ, ಅಪ್ಪನ ಹೆಗಲ ಮೇಲೆ ಮಗು. ಮಂಟಪ ನೋಡಿ ಬಂದ ಮರುದಿನ ನನಗೆ ಪ್ರತಿ ವರ್ಷ ಗಂಟಲು ಕಟ್ಟುತ್ತದೆ. ಆದರೂ ಹೋಗುವುದು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಒಂದು ರಾತ್ರಿಯ ದೀಪಕ್ಕೆ ಬೇಕಾದ ವಿದ್ಯುತ್ತನ್ನು ಬ್ಯಾಟರಿಯಲ್ಲಿ ಹೊತ್ತೊಯ್ಯುವುದು ಈಗ ಕಷ್ಟದ ಕೆಲಸವಲ್ಲ. ಹತ್ತು ಮಂಟಪ ಸಮಿತಿಗಳು ಬಹುಮಾನಕ್ಕಾಗಿ ಇಷ್ಟೆಲ್ಲ ಬುದ್ಧಿ ಓಡಿಸುವಾಗ, ಯಾವುದಾದರೂ ಒಂದು ಸಮಿತಿ ಈ ಕಡೆಗೂ ಬುದ್ಧಿ ಓಡಿಸಲಿ ಎಂದು ಆಸೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

ಮೊದಲ ಪ್ರಶ್ನೆ ಸೋಮವಾರಪೇಟೆ ಕಡೆಯ ಹೋಂಸ್ಟೇ ಮಾಲೀಕರೊಬ್ಬರದ್ದು: ‘ಸರ್, ಕಕ್ಕಡದ ಮಳೆಯಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇರುವುದಿಲ್ಲ. ಆಗ ನಿಮ್ಮ ಗಾಡಿಗೆ ಏನು ಕುಡಿಸುವುದು?’ ಸಭೆ ಜೋರಾಗಿ ನಕ್ಕಿತು, ನಾನೂ ನಕ್ಕೆ. ಜುಲೈ, ಆಗಸ್ಟ್‌ನ ಆ ದಿನಗಳನ್ನು ನಾನೂ ಮೇಣದಬತ್ತಿಯಲ್ಲಿ ಕಳೆದವನು. ಪ್ರತಿ ಮನೆಯೂ ಇರುವ ಒಂದೇ ಗಾಡಿಯನ್ನು ವಿದ್ಯುತ್ತಿಗೆ ಬದಲಿಸಬೇಕೆಂದು ನಾನು ಹೇಳದಿರುವುದಕ್ಕೆ ಅದೂ ಒಂದು ಕಾರಣ. ದೂರದ ಹಳ್ಳಿಯಲ್ಲಿ ಆಸ್ಪತ್ರೆಗೆ ಓಡಬೇಕಾದ ಗಾಡಿ ಸದ್ಯಕ್ಕೆ ಹೇಗಿದೆಯೋ ಹಾಗೇ ಇರಲಿ. ಆದರೆ ಅದೇ ಮೂರು ದಿನದಲ್ಲಿ ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ 30, 40 ಯೂನಿಟ್ ಕುಳಿತಿರುತ್ತದೆ. ಮನೆಗೆ ವಿದ್ಯುತ್ ಕೊಡುವ ಸೌಲಭ್ಯವಿರುವ ಮಾದರಿಯಾದರೆ ಒಂದೆರಡು ಫ್ಯಾನ್, ದೀಪ, ಫ್ರಿಜ್ ಅಷ್ಟೂ ದಿನ ನಡೆಯುತ್ತವೆ. ‘ನಿಮ್ಮ ಹೋಂಸ್ಟೇಯ ಜನರೇಟರ್ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತದೆ’ ಎಂದೆ. ‘ಅತಿಥಿಗಳಿಗೆ ಗೀಸರ್ ಬೇಕಲ್ಲ ಸರ್’ ಎಂದರು. ಗೀಸರ್ ಮಟ್ಟಿಗೆ ಅವರೇ ಗೆದ್ದರು. ಸೌದೆ ಹಂಡೆಯೇ ಸರಿ ಎಂದು ಹೇಳಲು ಹೋಗಿ, ಹೊಗೆಯ ಉಪನ್ಯಾಸದಲ್ಲಿ ಅದು ಸಲ್ಲದು ಎಂದು ಸುಮ್ಮನಾದೆ.

ನೆಲ್ಯಹುದಿಕೇರಿಯಿಂದ ಬಂದಿದ್ದ ಹೆಣ್ಣುಮಗಳೊಬ್ಬರು 2019ರ ಪ್ರವಾಹ ನೆನಪಿಸಿದರು. ನೀರಿಗೆ ಸಿಕ್ಕ ಬ್ಯಾಟರಿ ಏನಾಗುತ್ತದೆ? ಒಳ್ಳೆಯ ಗಾಡಿಗಳ ಬ್ಯಾಟರಿಗೆ ಐಪಿ67 ಎಂಬ ರಕ್ಷಣೆಯ ದರ್ಜೆ ಇರುತ್ತದೆ. ಅದರ ಅರ್ಥ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಕಾವೇರಿ ನದಿ ಅರ್ಧ ಗಂಟೆಗೆ ಹಿಂದೆ ಸರಿಯುವುದಿಲ್ಲ. ಹೊಳೆ ಬದಿಯ ಮನೆಯವರು ನೀರು ಏರುವ ಮೊದಲೇ ಗಾಡಿಯನ್ನು ಎತ್ತರಕ್ಕೆ ಸಾಗಿಸಬೇಕು. ಮುಳುಗಿದ ಗಾಡಿಯನ್ನು ಚಾಲೂ ಮಾಡಬಾರದು, ಚಾರ್ಜಿಗೆ ಹಾಕಬಾರದು, ಮನೆಗೆ ತಾಗಿಕೊಂಡು ನಿಲ್ಲಿಸಲೂಬಾರದು. ಹಳತಾದ ಬ್ಯಾಟರಿಯನ್ನು ಗುಜರಿಗೆ ಹಾಕುವ ಪ್ರಶ್ನೆಯನ್ನೂ ಅವರು ಕೇಳಿದರು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸು ಪಡೆಯುವ ಹೊಣೆ ತಯಾರಕರದ್ದು. ಕೊಳ್ಳುವಾಗಲೇ ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮಾಂದಲಪಟ್ಟಿ ಗುಡ್ಡಕ್ಕೆ ಪ್ರವಾಸಿಗರ ಜೀಪು ಓಡಿಸುವ ಹುಡುಗನೊಬ್ಬ ಹಿಂದಿನಿಂದ ಎದ್ದ. ‘ನಮ್ಮ ಜೀಪನ್ನು ನೀವು ಬಯ್ಯಲೇ ಇಲ್ಲವಲ್ಲ ಸರ್’ ಎಂದ. ಬಯ್ಯುವ ಮೊದಲು ಲೆಕ್ಕ ಹಾಕಿದ್ದೆ. ಆರೆಂಟು ಜನ ಕುಳಿತ ಜೀಪು ಹೋಗಿ ಬರಲು, ಏರು, ಕಲ್ಲು, ಕೆಸರು ಎಲ್ಲ ಸೇರಿ ಹದಿನೈದು, ಹದಿನೆಂಟು ಯೂನಿಟ್ ಸಾಕು ಎಂದು ನನ್ನ ಅಂದಾಜು. ಇಳಿಯುವಾಗ ಒಂದಷ್ಟು ಮರಳಿ ಬರುತ್ತದೆ. ಮೋಟರ್‌ಗೆ ಮೊದಲ ತಿರುಗಿನಲ್ಲಿಯೇ ಪೂರ್ತಿ ಎಳೆತವಿರುವುದರಿಂದ ಆ ಕಲ್ಲುದಾರಿಗೆ ಅದು ಹೇಳಿ ಮಾಡಿಸಿದ್ದು. ಆದರೆ ನಾಲ್ಕೂ ಚಕ್ರ ಎಳೆಯುವ, ಆ ಹುಡುಗನ ಸಾಲಕ್ಕೆ ನಿಲುಕುವ ವಿದ್ಯುತ್ ಜೀಪು ಇಂದು ಅಂಗಡಿಯಲ್ಲಿ ಸಿಗುವ ಸರಕಲ್ಲ. ಇಲ್ಲದ್ದನ್ನು ಕೊಳ್ಳು ಎಂದು ಯಾರಿಗೂ ಹೇಳಬಾರದು. ಅಲ್ಲಿಯವರೆಗೆ, ಊರೊಳಗೆ ಗಿರಾಕಿಗೆ ಕಾಯುವಾಗ ಎಂಜಿನ್ ಆಫ್ ಮಾಡು ಎಂದೆ. ‘ಸೆಲ್ಫ್ ಕೆಟ್ಟಿದೆ ಸರ್, ಆಫ್ ಮಾಡಿದರೆ ತಳ್ಳಬೇಕು’ ಎಂದ. ನನ್ನ ಶಿಷ್ಯನೊಬ್ಬ ಅಲ್ಲಿಂದಲೇ ‘ನಾಳೆ ತೆಗೆದುಕೊಂಡು ಬಾ’ ಎಂದು ಕೂಗಿದ.

ಕೊನೆಗೆ ಮಾತನಾಡಿದವರು ಇಲ್ಲಿಯೇ ಆಟೋ ಓಡಿಸುವ ಹಿರಿಯರು. ಅವರು ಪ್ರಶ್ನೆ ಕೇಳಲಿಲ್ಲ, ನನ್ನ ಲೆಕ್ಕ ತಿದ್ದಿದರು. ‘ಮೇಷ್ಟ್ರೇ, ಮಡಿಕೇರಿಯಲ್ಲಿ ಯಾವ ಡೀಸೆಲ್ ಆಟೋ 30 ಕೊಡುತ್ತದೆ? ಇಪ್ಪತ್ತೆರಡು ಬಂದರೆ ಕಾವೇರಮ್ಮನಿಗೆ ಕೈ ಮುಗಿಯುತ್ತೇನೆ. ನಿಮ್ಮ ವಿದ್ಯುತ್ ಆಟೋವೂ ಕಾಗದದಲ್ಲಿ ಒಂದು ಚಾರ್ಜಿಗೆ ನೂರು ಕಿಲೋಮೀಟರ್ ಓಡುತ್ತದೆ, ಮೂವರನ್ನು ಕೂರಿಸಿಕೊಂಡು ನಮ್ಮ ಏರಿನಲ್ಲಿ ಎಷ್ಟು ಓಡುತ್ತದೆ ಹೇಳಿ.’ ಏರಿನಲ್ಲಿ ಕಡಿಮೆ, ಇಳಿವಿನಲ್ಲಿ ಸ್ವಲ್ಪ ವಾಪಸು, ಒಟ್ಟಿನಲ್ಲಿ ಎಪ್ಪತ್ತೋ ಎಂಬತ್ತೋ ಎಂದೆ. ‘ಓ ಎಂದರೆ ಸಾಲ ಕಟ್ಟಲಾಗುವುದಿಲ್ಲ’ ಎಂದರು. ಅವರ ಪರಿಚಯದ ಒಬ್ಬರು ಕುಶಾಲನಗರದಲ್ಲಿ ವಿದ್ಯುತ್ ಆಟೋ ಕೊಂಡಿದ್ದಾರಂತೆ. ಬುಧವಾರ ಬೆಳಿಗ್ಗೆ ಎಂಟಕ್ಕೆ ಅದನ್ನು ಚೌಕಿಗೆ ತರಿಸುತ್ತಾರೆ. ನಾನು ನೋಟ್‌ಬುಕ್ ಹಿಡಿದು ಹಿಂದೆ ಕೂರುವುದು, ಇನ್ನಿಬ್ಬರು ದಪ್ಪಗಿನವರನ್ನು ಅವರೇ ಹುಡುಕಿ ಕೂರಿಸುವುದು, ಸಂಜೆಯವರೆಗೆ ಪ್ರತಿ ಬಾಡಿಗೆಯ ದೂರವನ್ನೂ ಬ್ಯಾಟರಿಯ ಅಂಕಿಯನ್ನೂ ಬರೆದುಕೊಳ್ಳುವುದು ಎಂದು ಒಪ್ಪಂದವಾಗಿದೆ. ಮಧ್ಯಾಹ್ನದ ಊಟ ನನ್ನದು.